ಲೆಕ್ಕದ ಪುಸ್ತಕ ಯಾರ ಕೈಲಿತ್ತು? ಶಿರೆಲ್ಸ್ ಹುಡುಗಿಯರು ಮತ್ತು ಸೆಪ್ಟರ್ ರೆಕಾರ್ಡ್ಸ್

(ಹಳೆಯ ಹಾಡು ಕೇಳುವವರ ಕೂಟವೊಂದರಲ್ಲಿ ಆಡಿದ ಮಾತುಗಳಿವು. ನಡುನಡುವೆ ಹಾಡು ಹಾಕಿ ಕೇಳಿಸಿದ್ದೆ. ಓದುವವರಿಗೆ ಆ ಅನುಕೂಲ ಇಲ್ಲದ್ದರಿಂದ ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಕೇಳಿದಿರಲ್ಲ, ಆ ಹಾಡಿನ ಹೆಸರು ‘ವಿಲ್ ಯೂ ಲವ್ ಮಿ ಟುಮಾರೋ’. ಮೂರು ನಿಮಿಷವೂ ಇಲ್ಲ. 1960ರ ಕೊನೆಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. 1961ರ ಜನವರಿ ಮುಗಿಯುವ ಹೊತ್ತಿಗೆ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಅನ್ನುವ ಜನಪ್ರಿಯ ಹಾಡುಗಳ ಪಟ್ಟಿಯ ತಲೆಯ ಮೇಲಿತ್ತು. ಕಪ್ಪು ಜನಾಂಗದ ಹುಡುಗಿಯರ ಗುಂಪೊಂದು ಆ ಜಾಗಕ್ಕೆ ಹೋದದ್ದು ಅದೇ ಮೊದಲು. ಗುಂಪಿನ ಹೆಸರು ಶಿರೆಲ್ಸ್. ಕಂಪನಿಯ ಹೆಸರು ಸೆಪ್ಟರ್ ರೆಕಾರ್ಡ್ಸ್.

ಆ ಕಾಲದ ಅಮೆರಿಕದ ಹಾಡು ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಎಲ್ವಿಸ್ ಗೊತ್ತು, ಆಮೇಲೆ ಸೀದಾ ಬೀಟಲ್ಸ್ ಗೊತ್ತು. ನಡುವಿನ ನಾಲ್ಕೈದು ವರ್ಷ ಖಾಲಿ ಅಂದುಕೊಂಡಿರುತ್ತೇವೆ. ಆ ವರ್ಷಗಳಲ್ಲಿ ರೇಡಿಯೋ ತುಂಬಿಕೊಂಡದ್ದು ಇಂಥ ಹುಡುಗಿಯರ ಗುಂಪುಗಳು. ಒಂದೇ ಶಾಲೆಯ ಮೂರೋ ನಾಲ್ಕೋ ಹುಡುಗಿಯರು. ಒಬ್ಬಳು ಮುಂದೆ ನಿಂತು ಹಾಡುತ್ತಾಳೆ, ಉಳಿದವರು ‘ಶಾ ಲಾ ಲಾ’ ಅಂತ ದನಿ ಸೇರಿಸುತ್ತಾರೆ. ಕೇಳೋಕೆ ಸುಲಭ. ಈ ಹಾಡುಗಳಿಂದ ಬಂದ ದುಡ್ಡು ಯಾರಿಗೆ ಹೋಯಿತು ಅಂತ ಹುಡುಕಲು ಹೊರಟರೆ ಮಾತ್ರ ಅಷ್ಟು ಸುಲಭ ಇಲ್ಲ. ಇವತ್ತು ಹಾಡಿನಷ್ಟೇ ದುಡ್ಡಿನ ಬಗ್ಗೆಯೂ ಮಾತಾಡೋಣ ಅಂತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ನ್ಯೂಯಾರ್ಕಿನ ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ ಪಸೇಯಿಕ್ ಅಂತ ಒಂದು ಊರಿದೆ. ಗಿರಣಿಗಳ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಶರ್ಲಿ ಓವೆನ್ಸ್, ಡಾರಿಸ್ ಕೋಲಿ, ಆಡಿ ಹ್ಯಾರಿಸ್, ಬೆವರ್ಲಿ ಲೀ ಎಂಬ ನಾಲ್ವರು ಗೆಳತಿಯರಿದ್ದರು. ಆಡಿಯನ್ನು ಎಲ್ಲರೂ ಮಿಕ್ಕಿ ಅನ್ನುತ್ತಿದ್ದರು. 1957ರ ಹೊತ್ತಿಗೆ ಶಾಲೆಯ ಪ್ರತಿಭಾ ಪ್ರದರ್ಶನಕ್ಕೆ ಅಂತ ಇವರೇ ಸೇರಿ ಒಂದು ಹಾಡು ಕಟ್ಟಿದರು, ‘ಐ ಮೆಟ್ ಹಿಮ್ ಆನ್ ಎ ಸಂಡೆ’. ಭಾನುವಾರ ಹುಡುಗ ಸಿಕ್ಕ ಅಂತ ಶುರುವಾಗಿ, ವಾರದ ದಿನ ಒಂದೊಂದೇ ದಾಟಿ, ಶನಿವಾರ ಅವನಿಗೆ ಟಾಟಾ ಹೇಳಿ ಮುಗಿಯುತ್ತದೆ. ಸಾಲುಗಳನ್ನು ಹುಡುಗಿಯರು ತಮ್ಮಲ್ಲೇ ಹಂಚಿಕೊಂಡು ಹಾಡುತ್ತಾರೆ. ಚಪ್ಪಾಳೆಯೇ ತಾಳ. ನನಗೆ ಇವರ ಹಾಡುಗಳಲ್ಲೆಲ್ಲ ಇದೇ ಇಷ್ಟ. ಇದರಲ್ಲಿ ಕಾಸಿನ ಖರ್ಚು ಕಾಣಿಸುವುದಿಲ್ಲ.

ಅದನ್ನು ಕೇಳಿದ ಸಹಪಾಠಿ ಮೇರಿ ಜೇನ್ ಗ್ರೀನ್‌ಬರ್ಗ್, ನಮ್ಮಮ್ಮನ ಮುಂದೆ ಹಾಡಿ ಬನ್ನಿ ಅಂತ ದುಂಬಾಲು ಬಿದ್ದಳು. ಅವಳ ಅಮ್ಮ ಫ್ಲಾರೆನ್ಸ್ ಗ್ರೀನ್‌ಬರ್ಗ್. ಯಹೂದಿ ಗೃಹಿಣಿ, ವಯಸ್ಸು ನಲವತ್ತು ದಾಟಿತ್ತು, ಮಕ್ಕಳು ದೊಡ್ಡವರಾಗಿದ್ದರು. ಮನೆಯಲ್ಲಿ ಕೂತು ಬೇಸರವಾಗಿ ಹಾಡಿನ ವ್ಯಾಪಾರದ ಕಡೆ ಕಣ್ಣು ಹಾಕಿದ್ದರು. ಹುಡುಗಿಯರಿಗೆ ಇದರಲ್ಲಿ ಅಂಥ ಆಸಕ್ತಿ ಇರಲಿಲ್ಲ, ಸುಮ್ನೆ ತಪ್ಪಿಸಿಕೊಂಡು ತಿರುಗಿದರು. ಕೊನೆಗೆ ಆ ಮನೆಯ ಹಾಲ್‌ನಲ್ಲಿ ನಿಂತು ಹಾಡಿದರು. ಫ್ಲಾರೆನ್ಸ್ ತಮ್ಮ ಪುಟ್ಟ ಟಿಯಾರಾ ಕಂಪನಿಯಿಂದ 1958ರಲ್ಲಿ ಆ ಹಾಡಿನ ಪ್ಲೇಟು ತಂದರು.

ಹಾಡು ಸ್ವಲ್ಪ ಓಡಿತು. ಚಿಕ್ಕ ಕಂಪನಿಗೆ ಅಷ್ಟನ್ನೂ ಸಂಭಾಳಿಸುವ ತಾಕತ್ತಿರಲಿಲ್ಲ. ಡೆಕ್ಕಾ ಎಂಬ ದೊಡ್ಡ ಕಂಪನಿ 4,000 ಡಾಲರ್ ಕೊಟ್ಟು ಹುಡುಗಿಯರ ಒಪ್ಪಂದದ ಸಮೇತ ಎಲ್ಲವನ್ನೂ ತೆಗೆದುಕೊಂಡಿತು. ಹಾಡು ಪಟ್ಟಿಯಲ್ಲಿ 49ರವರೆಗೆ ಹೋಯಿತು. ಮುಂದಿನ ಪ್ಲೇಟುಗಳು ಮಲಗಿದವು. ಡೆಕ್ಕಾ ಕೈ ಬಿಟ್ಟಿತು. ಆಗ ಫ್ಲಾರೆನ್ಸ್ ಮತ್ತೆ ಹುಡುಗಿಯರನ್ನು ಕರೆದುಕೊಂಡು 1959ರಲ್ಲಿ ಸೆಪ್ಟರ್ ಶುರು ಮಾಡಿದರು. ಈ ಧೈರ್ಯವನ್ನು ಮೆಚ್ಚಲೇಬೇಕು. ಆಗ ರೆಕಾರ್ಡ್ ಕಂಪನಿ ನಡೆಸುವ ಹೆಂಗಸರೇ ವಿರಳ. ಇವರಿಗೋ ಒಂದು ಸ್ವರ ನೆಟ್ಟಗೆ ಹಿಡಿಯೋಕೆ ಬರುತ್ತಿರಲಿಲ್ಲ. ಅದನ್ನು ಅವರೇ ನಗುತ್ತಾ ಹೇಳಿಕೊಳ್ಳುತ್ತಿದ್ದರು.

ಸ್ವರ ಗೊತ್ತಿದ್ದವರನ್ನು ಅವರು ಹುಡುಕಿಕೊಂಡರು. ಲೂಥರ್ ಡಿಕ್ಸನ್, ಕಪ್ಪು ಜನಾಂಗದ ಗೀತರಚನೆಕಾರ ಮತ್ತು ನಿರ್ಮಾಪಕ. ಸೆಪ್ಟರ್‌ಗೆ ಒಂದು ದನಿ ಬಂದದ್ದು ಇವರಿಂದ. ಒರಟು ಹಾಡಿಗೆ ಪಿಟೀಲು ಸೇರಿಸುವುದು, ಶರ್ಲಿಯ ಸ್ವಲ್ಪ ಮಂಕಾದ, ಅಲ್ಲಲ್ಲಿ ಶ್ರುತಿಯ ಅಂಚಿಗೆ ಜಾರುವ ದನಿಯನ್ನು ಹಾಗೇ ಬಿಡುವುದು ಇವರ ಕೈಚಳಕ. ತಿದ್ದಿ ನುಣುಪು ಮಾಡಿದ್ದರೆ ಆ ದನಿ ಸತ್ತೇ ಹೋಗುತ್ತಿತ್ತು. ಲುಡಿಕ್ಸ್ ಅಂತ ಇವರ ಹೆಸರಿಂದಲೇ ಹುಟ್ಟಿದ ಪಬ್ಲಿಷಿಂಗ್ ಕಂಪನಿಯೂ ಇತ್ತು. ಪಬ್ಲಿಷಿಂಗ್ ಅಂದರೆ ಹಾಡಿನ ಹಕ್ಕುಗಳನ್ನು ಇಟ್ಟುಕೊಂಡು ಅದರ ಮೇಲೆ ದುಡಿಯುವ ವ್ಯವಹಾರ. ಇದನ್ನು ನೆನಪಿಟ್ಟುಕೊಳ್ಳಿ, ಬೇಕಾಗುತ್ತದೆ.

ಈಗ ಮೊದಲು ಕೇಳಿದ ಹಾಡು ಹುಟ್ಟಿದ ಬಗೆ ನೋಡೋಣ. ನ್ಯೂಯಾರ್ಕಿನ 1650 ಬ್ರಾಡ್‌ವೇ ಕಟ್ಟಡದಲ್ಲಿ ಆಲ್ಡನ್ ಮ್ಯೂಸಿಕ್ ಅಂತ ಒಂದು ಪಬ್ಲಿಷಿಂಗ್ ಕಂಪನಿ. ಚಿಕ್ಕ ಚಿಕ್ಕ ಕೋಣೆಗಳು, ಕೋಣೆಗೊಂದು ಪಿಯಾನೋ. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ದಿನವಿಡೀ ಕೂತು ಹಾಡು ಹೊಸೆಯುತ್ತಿದ್ದರು. ಅವರಲ್ಲೊಂದು ಜೋಡಿ ಗೆರ್ರಿ ಗಾಫಿನ್ ಮತ್ತು ಕೆರೊಲ್ ಕಿಂಗ್. ಗಂಡ ಹೆಂಡತಿ. ಕೆರೊಲ್‌ಗೆ ಹದಿನೆಂಟು, ಕಂಕುಳಲ್ಲಿ ಕೂಸು. ಗೆರ್ರಿ ಹಗಲು ರಾಸಾಯನಿಕ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಶಿರೆಲ್ಸ್‌ಗೆ ಹಾಡು ಬೇಕು ಅಂತ ಆಲ್ಡನ್‌ನ ಡಾನ್ ಕರ್ಷ್‌ನರ್ ಹೇಳಿದ್ದರು. ಕೆರೊಲ್ ರಾಗ ಕಟ್ಟಿ ಟೇಪ್ ರೆಕಾರ್ಡರ್‌ನಲ್ಲಿ ಬಿಟ್ಟು, ಒಂದು ಚೀಟಿ ಇಟ್ಟು ಹೊರಗೆ ಹೋದರು. ಕೆಲಸ ಮುಗಿಸಿ ಬಂದ ಗೆರ್ರಿ ಅದಕ್ಕೆ ಮಾತು ಬರೆದರು.

ಮಾತಾದರೂ ಎಂಥದ್ದು! ಇವತ್ತು ರಾತ್ರಿ ನೀನು ಪೂರ್ತಿ ನನ್ನವನು, ನಾಳೆ ಬೆಳಿಗ್ಗೆಯೂ ಹೀಗೇ ಇರುತ್ತೀಯಾ ಅಂತ ಹುಡುಗಿ ಕೇಳುತ್ತಾಳೆ. 1960ರಲ್ಲಿ ಹುಡುಗಿಯೊಬ್ಬಳು ರೇಡಿಯೋದಲ್ಲಿ ಇಷ್ಟು ನೇರವಾಗಿ ಕೇಳುವುದು ಸಣ್ಣ ವಿಷಯ ಆಗಿರಲಿಲ್ಲ. ಕೆಲವು ರೇಡಿಯೋದವರಿಗೆ ಮುಜುಗರವೂ ಆಯಿತು. ತಮಾಷೆ ಅಂದರೆ ಶರ್ಲಿಗೇ ಈ ಹಾಡು ಹಿಡಿಸಿರಲಿಲ್ಲ. ಮಾದರಿ ಟೇಪು ಕೇಳಿ, ಇದು ಕಂಟ್ರಿ ಅನ್ನುವ ಹಳ್ಳಿಗಾಡಿನ ಹಾಡಿನ ಹಾಗಿದೆ, ನಮಗೆ ಒಗ್ಗಲ್ಲ ಅಂದರಂತೆ. ಡಿಕ್ಸನ್ ಒಪ್ಪಿಸಿದರು. ಪಿಟೀಲಿನ ಭಾಗ ಬರೆದದ್ದು ಕೆರೊಲ್. ರೆಕಾರ್ಡಿಂಗ್ ದಿನ ಡ್ರಮ್ಮಿನ ಪೆಟ್ಟು ತಾನು ಅಂದುಕೊಂಡಂತೆ ಬೀಳುತ್ತಿಲ್ಲ ಅಂತ ತಾವೇ ಕೋಲು ಹಿಡಿದರು ಅನ್ನುವ ಮಾತೂ ಇದೆ. ಹಾಡು ಗೆದ್ದ ಮೇಲೆ ಗೆರ್ರಿ ಪ್ರಯೋಗಾಲಯದ ಕೆಲಸ ಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ. ಹಾಡು ಬರೆದವರು ಒಂದೇ ಹಾಡಿನ ಬಲದ ಮೇಲೆ ನೌಕರಿ ಬಿಟ್ಟರು. ಹಾಡಿದವರಿಗೆ ಏನಾಯಿತು? ಒಂದು ಪ್ಲೇಟನ್ನೇ ಎತ್ತಿಕೊಂಡು ಲೆಕ್ಕ ಹಾಕೋಣ.

ಏಳಿಂಚಿನ ಪ್ಲೇಟು, ನಿಮಿಷಕ್ಕೆ 45 ಸುತ್ತು. ಎರಡು ಬದಿ, ಎರಡು ಹಾಡು. ಅಮೆರಿಕದ 1909ರ ಕಾಪಿರೈಟ್ ಕಾನೂನು ಪ್ರತಿ ಪ್ಲೇಟಿಗೆ, ಪ್ರತಿ ಹಾಡಿಗೆ 2 ಸೆಂಟು ಅಂತ ದರ ಗೊತ್ತು ಮಾಡಿತ್ತು. 1978ರವರೆಗೂ ಅದೇ ದರ. ಈ 2 ಸೆಂಟು ಹಾಡು ಬರೆದವರಿಗೂ ಪಬ್ಲಿಷರ್‌ಗೂ ಹಂಚಿಕೆಯಾಗುತ್ತದೆ. ಮುಂಬದಿಯ 2 ಸೆಂಟು ಗಾಫಿನ್, ಕಿಂಗ್ ಮತ್ತು ಆಲ್ಡನ್‌ಗೆ. ಹಿಂಬದಿಯಲ್ಲಿ ‘ಬಾಯ್ಸ್’ ಅಂತ ಒಂದು ಕುಣಿಯುವ ಹಾಡಿತ್ತು. ಬರೆದವರು ಲೂಥರ್ ಡಿಕ್ಸನ್ ಮತ್ತು ವೆಸ್ ಫೆರೆಲ್. ಅದರ 2 ಸೆಂಟು ಆ ಕಡೆಗೆ. ಹಿಂಬದಿಯನ್ನು ಯಾರೂ ಕೇಳದೇ ಇದ್ದರೂ ಪ್ಲೇಟು ಮಾರಾಟವಾದರೆ ಸಾಕು, ಹಣ ಸಮಸಮ. ನಿರ್ಮಾಪಕರು ತಮ್ಮ ಹಾಡನ್ನೇ ಹಿಂಬದಿಗೆ ಹಾಕುತ್ತಿದ್ದ ಗುಟ್ಟು ಇದೇ.

ಹಾಡಿದವರ ಪಾಲು ಕಾನೂನಿನಲ್ಲಿ ಇರಲಿಲ್ಲ. ಅದು ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದ ವಿಚಾರ. ಮಾರಾಟದಲ್ಲಿ ಇಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ. ಆದರೆ ಮೊದಲು ಖರ್ಚು ಕಳೆಯಬೇಕು. ಸ್ಟುಡಿಯೋ ಬಾಡಿಗೆ, ಪಿಟೀಲಿನವರ ಕೂಲಿ, ಹಾಡುವವರ ಕೈಗೆ ಮುಂಗಡ ಕೊಟ್ಟ ದುಡ್ಡು, ಎಲ್ಲ ಅವರ ಪಾಲಿಂದ ಮುರಿದುಕೊಂಡ ಮೇಲೆ ಉಳಿದರೆ ಉಂಟು. ಮತ್ತೆ ಆ ಲೆಕ್ಕ ಬರೆಯುವವರು ಯಾರು? ಕಂಪನಿಯೇ. ರೇಡಿಯೋದಲ್ಲಿ ಸಾವಿರ ಸಲ ಬಂದರೆ? ಬರೆದವರಿಗೆ ಹಣ ಬರುತ್ತದೆ. ಹಾಡಿದವರಿಗೆ ಎಎಂ, ಎಫ್‌ಎಂ ರೇಡಿಯೋ ಹಣ ಕೊಡಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಆಗಲೂ ಇರಲಿಲ್ಲ, ಇವತ್ತಿಗೂ ಇಲ್ಲ.

ಕಂಪನಿಯ ಕಷ್ಟವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಆಗಲ್ಲ. ಸೆಪ್ಟರ್‌ನಂಥ ಸ್ವತಂತ್ರ ರೆಕಾರ್ಡ್ ಕಂಪನಿಗೆ ತನ್ನದೇ ಕಾರ್ಖಾನೆ ಇಲ್ಲ, ಲಾರಿ ಇಲ್ಲ, ಅಂಗಡಿ ಇಲ್ಲ. ಪ್ಲೇಟು ಒತ್ತುವವರು ಮೊದಲೇ ದುಡ್ಡು ಕೇಳುತ್ತಾರೆ. ಊರೂರಿನ ವಿತರಕರು ತಿಂಗಳುಗಟ್ಟಲೆ ಕಾಯಿಸಿ ಕೊಡುತ್ತಾರೆ, ಮಾರಾಟವಾಗದ್ದನ್ನು ವಾಪಸ್ ಕಳಿಸುತ್ತಾರೆ. ಹಾಡು ಜೋರಾಗಿ ಓಡಿದಷ್ಟೂ ಮುಂಗಡ ಸುರಿಯಬೇಕು. ಮುಂದಿನ ಹಾಡೂ ಗೆದ್ದರೆ ಮಾತ್ರ ವಿತರಕ ಹಿಂದಿನ ಬಾಕಿ ತೀರಿಸುತ್ತಾನೆ, ಯಾಕಂದರೆ ಅವನಿಗೆ ಹೊಸ ಪ್ಲೇಟು ಬೇಕಲ್ಲ. ಒಂದು ದೊಡ್ಡ ಹಿಟ್ ಬಂದು ಅದರಿಂದಲೇ ಮುಳುಗಿದ ಕಂಪನಿಗಳಿವೆ. ಹೀಗಾಗಿ ಒಂದರ ಹಿಂದೆ ಒಂದು ಹಾಡು ಬರುತ್ತಲೇ ಇರಬೇಕಿತ್ತು.

ಸೆಪ್ಟರ್‌ನಲ್ಲಿ ಬಂದವು ಕೂಡ. ‘ಡೆಡಿಕೇಟೆಡ್ ಟು ದಿ ಒನ್ ಐ ಲವ್’ 1959ರಲ್ಲೇ ಹೊರಬಂದು 83ರಲ್ಲಿ ನಿಂತಿತ್ತು. ‘ವಿಲ್ ಯೂ ಲವ್ ಮಿ ಟುಮಾರೋ’ ದೊಡ್ಡ ಹಿಟ್ ಆದ ಮೇಲೆ ಈ ಹಳೆಯ ಹಾಡನ್ನು 1961ರಲ್ಲಿ ಮತ್ತೆ ಬಿಟ್ಟರು, 3ನೇ ಸ್ಥಾನಕ್ಕೆ ಬಂತು. ಹಾಡು ಅದೇ, ಪ್ಲೇಟು ಅದೇ, ವಿತರಕರ ಕಿವಿ ಮಾತ್ರ ಬೇರೆ. ಅದರಲ್ಲಿ ಮುಂದೆ ನಿಂತು ಹಾಡಿದವರು ಡಾರಿಸ್. ಆಮೇಲೆ ‘ಬೇಬಿ ಇಟ್ಸ್ ಯೂ’, ಬರ್ಟ್ ಬ್ಯಾಕರಾಕ್ ರಾಗ, 8ನೇ ಸ್ಥಾನ. 1962ರ ಮೇ ತಿಂಗಳಲ್ಲಿ ‘ಸೋಲ್ಜರ್ ಬಾಯ್’, ಮತ್ತೆ ಮೊದಲ ಸ್ಥಾನ. ಒಂದು ರೆಕಾರ್ಡಿಂಗ್ ಮುಗಿದು ಉಳಿದ ಕೆಲವೇ ನಿಮಿಷದಲ್ಲಿ ಹುಡುಗಿಯರು ಒಲ್ಲದ ಮನಸ್ಸಿನಿಂದ ಹಾಡಿ ಮುಗಿಸಿದ ಹಾಡದು. ಇವರ ಹಾಡುಗಳಲ್ಲಿ ಅತಿ ಜಾಸ್ತಿ ಓಡಿದವುಗಳಲ್ಲಿ ಒಂದು. ನನಗೆ ಅದು ಅಷ್ಟಕ್ಕಷ್ಟೇ, ತುಸು ಜೋಲು ಮುಖದ ಹಾಡು. ಆದರೆ ಪ್ಲೇಟಿನ ಮೇಲೆ ಬರೆದವರ ಹೆಸರು ನೋಡಿ: ಲೂಥರ್ ಡಿಕ್ಸನ್ ಮತ್ತು ಫ್ಲಾರೆನ್ಸ್ ಗ್ರೀನ್‌ಬರ್ಗ್. ಕಂಪನಿಯ ಒಡತಿಗೇ ಆ 2 ಸೆಂಟಿನಲ್ಲೂ ಪಾಲು.

ನಾಲ್ಕು ಹುಡುಗಿಯರ ಹೆಸರೂ ಬರೆದವರ ಜಾಗದಲ್ಲಿ ಇದ್ದ ಹಿಟ್ ಯಾವುದು ಗೊತ್ತೇ? ಆ ಮೊದಲಿನ ಭಾನುವಾರದ ಹಾಡು. ಅದಾದ ಮೇಲೆ ಬಂದ ದೊಡ್ಡ ಹಿಟ್‌ಗಳೆಲ್ಲ ಬೇರೆಯವರು ಬರೆದವು.

ಈ ಹೊತ್ತಿನಲ್ಲಿ ಹುಡುಗಿಯರ ದುಡ್ಡಿನ ಬಗ್ಗೆ ಅವರಿಗೆ ಹೇಳಿದ್ದು ಏನೆಂದರೆ, ನಿಮ್ಮ ರಾಯಲ್ಟಿ ಒಂದು ಟ್ರಸ್ಟ್‌ನಲ್ಲಿ ಭದ್ರವಾಗಿದೆ, ನಿಮಗೆ 21 ತುಂಬಿದಾಗ ಕೈಗೆ ಬರುತ್ತದೆ ಅಂತ. ಅವರು ನಂಬಿದರು. ನಂಬದೆ ಏನು ಮಾಡುತ್ತಾರೆ? ಫ್ಲಾರೆನ್ಸ್ ಅವರಿಗೆ ಗೆಳತಿಯ ಅಮ್ಮ. ಅವರ ಮನೆಯ ಹಾಲ್‌ನಲ್ಲಿ ಹಾಡಿದವರು. ತಮ್ಮನ್ನು ಆಕೆ ತಾಯಿಯ ಹಾಗೆ ನಡೆಸಿಕೊಂಡರು, ತಾವು ಅದನ್ನು ಪೂರ್ತಿ ನಂಬಿದ್ದೆವು ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅಣ್ಣನ ಅಂಗಡಿಯಲ್ಲಿ ತಮ್ಮ ಹತ್ತು ವರ್ಷ ದುಡಿದರೂ ಲೆಕ್ಕ ಕೇಳುವುದು ಅವಮಾನ ಅಂದುಕೊಳ್ಳುತ್ತಾನಲ್ಲ, ಹಾಗೆ. ನನಗೆ ಕಾಣುವ ಹಾಗೆ ಇಡೀ ಕಥೆಯ ಗಂಟು ಇಲ್ಲೇ ಇದೆ. ಡೆಕ್ಕಾದಂಥ ದೊಡ್ಡ ಕಂಪನಿಯ ಜೊತೆ ವ್ಯವಹಾರ ಆಗಿದ್ದರೆ ಯಾರಾದರೂ ಒಬ್ಬ ವಕೀಲ ಕಾಗದ ತೆಗೆಸಿ ನೋಡುತ್ತಿದ್ದ. ಅಮ್ಮನ ಹತ್ತಿರ ಯಾರು ವಕೀಲನನ್ನು ಕರೆದುಕೊಂಡು ಹೋಗುತ್ತಾರೆ?

1963ರಲ್ಲಿ ಅಂಥ ಟ್ರಸ್ಟೇ ಇಲ್ಲ ಅಂತ ಹುಡುಗಿಯರಿಗೆ ಗೊತ್ತಾಯಿತು. ಒಪ್ಪಂದ ಮುರಿದಿದ್ದಾರೆ ಅಂತ ಕಂಪನಿಯ ಮೇಲೆ ಕೇಸು ಹಾಕಿದರು. ನೀವೇ ಬಿಟ್ಟು ಹೋದಿರಿ ಅಂತ ಕಂಪನಿ ಇವರ ಮೇಲೆ ಕೇಸು ಹಾಕಿತು. 1965ರಲ್ಲಿ ರಾಜಿಯಾಗಿ ಎರಡೂ ಕೇಸುಗಳು ವಾಪಸಾದವು. ವಿಚಿತ್ರ ನೋಡಿ, ಆಮೇಲೆ ಇವರು ಮತ್ತೆ ಅದೇ ಸೆಪ್ಟರ್‌ಗೆ ಹಾಡಿದರು. ಆದರೆ ಹಾಡುಗಾರರ ಬದುಕಿನಲ್ಲಿ ಎರಡು ವರ್ಷ ಬಹಳ ದೊಡ್ಡದು. ಡಿಕ್ಸನ್ 1963ರಲ್ಲೇ ಕಂಪನಿ ಬಿಟ್ಟಿದ್ದರು. 1964ರ ಫೆಬ್ರುವರಿಯಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದರು.

ಬೀಟಲ್ಸ್ ಬಂದು ಹುಡುಗಿಯರ ಗುಂಪುಗಳನ್ನು ಮುಗಿಸಿದರು ಅಂತ ಹೇಳುವುದು ರೂಢಿ. ಪೂರ್ತಿ ಸುಳ್ಳಲ್ಲ, ಆಮೇಲೂ ಗೆದ್ದ ಸುಪ್ರೀಮ್ಸ್ ಎಂಬ ಹುಡುಗಿಯರ ಗುಂಪನ್ನು ನೋಡಿದರೆ ಪೂರ್ತಿ ನಿಜವೂ ಅಲ್ಲ. ಬೀಟಲ್ಸ್ ಹುಡುಗರು ಶಿರೆಲ್ಸ್‌ನ ಅಭಿಮಾನಿಗಳು. 1963ರ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ತಮ್ಮ ಮೊದಲ ಎಲ್‌ಪಿಯ (ಹಲವು ಹಾಡುಗಳ ದೊಡ್ಡ ಪ್ಲೇಟು) ಬಹುಪಾಲು ಹಾಡಿದರಲ್ಲ, ಅದರಲ್ಲಿ ‘ಬೇಬಿ ಇಟ್ಸ್ ಯೂ’ ಇದೆ, ‘ಬಾಯ್ಸ್’ ಕೂಡ ಇದೆ. ಹಿಂಬದಿಯ ಹಾಡು, ಹುಡುಗರ ಬಗ್ಗೆ ಹುಡುಗಿಯರು ಹಾಡುವ ಹಾಡು. ಬೀಟಲ್ಸ್‌ನ ಡ್ರಮ್ ವಾದಕ ರಿಂಗೋ ಸ್ಟಾರ್ ಯಾವ ಸಂಕೋಚವೂ ಇಲ್ಲದೆ ಕಿರುಚಿ ಹಾಡಿದ್ದಾರೆ. ಆ ಎಲ್‌ಪಿ ಜಗತ್ತಿನ ತುಂಬಾ ಮಾರಾಟವಾದಾಗ ರಾಯಲ್ಟಿ ಬಂದದ್ದು ಬರೆದವರಿಗೆ, ಪಬ್ಲಿಷರ್‌ಗಳಿಗೆ. ಆ ಹಾಡಿಗೆ ಮೊದಲು ಜೀವ ಕೊಟ್ಟ ಪಸೇಯಿಕ್‌ನ ನಾಲ್ವರಿಗೆ ಅದರಲ್ಲಿ ಪಾಲಿಲ್ಲ. ಕಾನೂನು ಪ್ರಕಾರ ಎಲ್ಲವೂ ಸರಿಯಾಗಿಯೇ ಇದೆ.

ಇದು ಸೆಪ್ಟರ್ ಒಂದರ ಕಥೆಯಲ್ಲ. ಡೆಟ್ರಾಯ್ಟ್ ಹತ್ತಿರದ ಇಂಕ್‌ಸ್ಟರ್ ಊರಿನ ಶಾಲೆಯ ಹುಡುಗಿಯರು ಮಾರ್ವೆಲೆಟ್ಸ್. 1961ರ ಡಿಸೆಂಬರ್‌ನಲ್ಲಿ ಮೋಟೌನ್ ಕಂಪನಿಗೆ ಹಾಟ್ 100ರ ಮೊದಲ ಸ್ಥಾನ ತಂದುಕೊಟ್ಟವರು ಇವರೇ. ಇವರ ಎಲ್‌ಪಿ ಹೊದಿಕೆ ನೋಡಿದರೆ ಒಂದು ಅಂಚೆಡಬ್ಬಿ ಇದೆ, ಹುಡುಗಿಯರ ಮುಖವೇ ಇಲ್ಲ. ಇನ್ನು ಫಿಲ್ ಸ್ಪೆಕ್ಟರ್ ಅವರ ಫಿಲ್ಲೀಸ್ ಕಂಪನಿ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರೂಕ್ಲಿನ್‌ನ ಕ್ರಿಸ್ಟಲ್ಸ್ ಗುಂಪಿನ ಹೆಸರಲ್ಲಿ ‘ಹೀಸ್ ಎ ರೆಬೆಲ್’ 1962ರ ನವೆಂಬರ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಹಾಡಿದ್ದು ಮಾತ್ರ ಲಾಸ್ ಏಂಜಲಿಸ್‌ನಲ್ಲಿ ಡಾರ್ಲೀನ್ ಲವ್ ಮತ್ತು ಅವರ ಜೊತೆಗಾರರು. ಪ್ರವಾಸದಲ್ಲಿದ್ದ ಕ್ರಿಸ್ಟಲ್ಸ್‌ಗೆ ತಮ್ಮದೇ ಹೊಸ ಹಾಡನ್ನು ರೇಡಿಯೋ ಕೇಳಿ ತಿಳಿಯಬೇಕಾಯಿತು! ಗುಂಪಿನ ಹೆಸರೂ ಕಂಪನಿಯ ಆಸ್ತಿ ಅಂದಮೇಲೆ ಯಾರ ಗಂಟಲಾದರೇನು.

ಹಾಗಾದರೆ ಹುಡುಗಿಯರು ಬದುಕಿದ್ದು ಹೇಗೆ? ಪ್ರವಾಸದ ಮೇಲೆ. ಬಸ್ಸು ಹತ್ತಿ ಊರೂರು ತಿರುಗಿ ವೇದಿಕೆಯಲ್ಲಿ ಹಾಡಿದರೆ ಅವತ್ತಿನ ದುಡ್ಡು. ದಕ್ಷಿಣದ ರಾಜ್ಯಗಳಲ್ಲಿ ಬಣ್ಣ ನೋಡಿ ಹೋಟೆಲಿನ ಬಾಗಿಲು ಮುಚ್ಚುತ್ತಿದ್ದ ಕಾಲ ಅದು. 1963ರ ಆಗಸ್ಟ್‌ನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಮೈಲ್ಸ್ ಕಾಲೇಜಿನಲ್ಲಿ ನಾಗರಿಕ ಹಕ್ಕಿನ ಹೋರಾಟಕ್ಕಾಗಿ ನಡೆದ ದೊಡ್ಡ ಸಂಗೀತ ಕಾರ್ಯಕ್ರಮದಲ್ಲಿ ರೇ ಚಾರ್ಲ್ಸ್, ಜಾನಿ ಮ್ಯಾಥಿಸ್ ಜೊತೆ ಶಿರೆಲ್ಸ್ ಕೂಡ ಹಾಡಿದರು. ಅದೇ ವರ್ಷ ಶರ್ಲಿ ಮತ್ತು ಡಾರಿಸ್ ಮದುವೆಗೆ ಅಂತ ರಜೆ ಹಾಕಿದಾಗ ಅವರ ಜಾಗದಲ್ಲಿ ನಿಂತು ಹಾಡಿದವರು ಡಿಯಾನ್ ವಾರ್ವಿಕ್.

ಈ ಡಿಯಾನ್ ಸೆಪ್ಟರ್‌ನ ಮುಂದಿನ ಅಧ್ಯಾಯ. ಮನೆತನದ ಹೆಸರು ವಾರಿಕ್. 1962ರ ಮೊದಲ ಪ್ಲೇಟಿನ ಮೇಲೆ ತಪ್ಪಾಗಿ ವಾರ್ವಿಕ್ ಅಂತ ಅಚ್ಚಾಯಿತು, ಅದೇ ಉಳಿಯಿತು. ಅವರಿಂದ, ‘ರೇನ್‌ಡ್ರಾಪ್ಸ್ ಕೀಪ್ ಫಾಲಿನ್ ಆನ್ ಮೈ ಹೆಡ್’ ಹಾಡಿದ ಬಿ.ಜೆ. ಥಾಮಸ್ ಅವರಿಂದ ಕಂಪನಿ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯಿತು. ಫ್ಲಾರೆನ್ಸ್ ಅವರ ಕಣ್ಣು ಕಾಣದ ಮಗ ಸ್ಟ್ಯಾನ್ಲಿ ಕೂಡ ಅಲ್ಲೇ ರೆಕಾರ್ಡಿಂಗ್ ಕೆಲಸ ಮಾಡುತ್ತಿದ್ದರು. ನ್ಯೂಯಾರ್ಕಿನ 254 ವೆಸ್ಟ್ 54ನೇ ಬೀದಿಯಲ್ಲಿ ಕಚೇರಿ, ಸ್ಟುಡಿಯೋ. ಮುಂದೆ ಸ್ಟುಡಿಯೋ 54 ಅನ್ನುವ ಮೋಜಿನ ಕ್ಲಬ್ ತೆರೆದದ್ದು ಅದೇ ಕಟ್ಟಡದಲ್ಲಿ. ಫ್ಲಾರೆನ್ಸ್ 1976ರಲ್ಲಿ ವ್ಯವಹಾರ ಮಾರಿ ಸುಮ್ಮನಾದರು. 1995ರಲ್ಲಿ ತೀರಿಕೊಂಡರು.

ಮಾತು ಮುಗಿಸಿದ ಮೇಲೆ ಒಬ್ಬರು ನೇರವಾಗಿ ಕೇಳಿದರು, ಫ್ಲಾರೆನ್ಸ್ ಮೋಸ ಮಾಡಿದರು ಅಂತಾನೇ ಅಲ್ವಾ ನೀವು ಹೇಳೋದು ಅಂತ. ಇಷ್ಟು ಹೇಳಬಲ್ಲೆ: ಟ್ರಸ್ಟ್ ಇದೆ ಅನ್ನುವ ಭರವಸೆ ಕೊಟ್ಟಿದ್ದು, ಅದು ಇಲ್ಲದೇ ಹೋದದ್ದು ಸಣ್ಣ ತಪ್ಪಲ್ಲ. ಆದರೆ ಅವರೊಬ್ಬರನ್ನೇ ಕಳ್ಳಿ ಅಂತ ಕರೆದು ಕೈ ತೊಳೆದುಕೊಂಡರೆ, ಖರ್ಚೆಲ್ಲ ಹಾಡುಗಾರರ ತಲೆಗೆ ಕಟ್ಟಿ ಬರೆದವರಿಗೆ ಮಾತ್ರ ಕಾನೂನಿನ ಆಸರೆ ಕೊಟ್ಟ ಏರ್ಪಾಡು ತಪ್ಪಿಸಿಕೊಳ್ಳುತ್ತದೆ. ಆ ಏರ್ಪಾಡನ್ನು ಆಕೆ ಮಾಡಿರಲಿಲ್ಲ, ಅದರೊಳಗೆ ಚೆನ್ನಾಗಿ ವ್ಯಾಪಾರ ಮಾಡಿದರು. ಡೆಕ್ಕಾ ಬಿಸಾಕಿದ ಹುಡುಗಿಯರ ಮೇಲೆ ಎರಡನೇ ಸಲ ದುಡ್ಡು ಹಾಕಿದ್ದೂ ಆಕೆಯೇ.

ಇನ್ನೊಬ್ಬರು ಹುಡುಗಿಯರು ಆಮೇಲೆ ಏನಾದರು ಅಂತ ಕೇಳಿದರು. ಹಳೆಯ ಹಾಡಿನ ಕಾರ್ಯಕ್ರಮಗಳಿಗೆ ಬೇಡಿಕೆ ಬಂದಾಗ ಬೇರೆ ಬೇರೆ ಶಿರೆಲ್ಸ್ ಗುಂಪುಗಳು ತಿರುಗಾಡಿದವು, ಒಂದೊಂದರಲ್ಲೂ ಮೂಲದವರು ಒಬ್ಬೊಬ್ಬರೇ. ಮಿಕ್ಕಿ 1982ರಲ್ಲಿ ಅಟ್ಲಾಂಟಾದಲ್ಲಿ ಕಾರ್ಯಕ್ರಮ ಮುಗಿಸಿದ ಬಳಿಕ ಹೃದಯಾಘಾತದಿಂದ ತೀರಿಕೊಂಡರು. ಡಾರಿಸ್ 2000ದಲ್ಲಿ ಹೋದರು. 1996ರಲ್ಲಿ ಗುಂಪಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತ್ತು. ಗುಂಪಿನ ಹೆಸರಿನ ಟ್ರೇಡ್‌ಮಾರ್ಕ್ ಕೊನೆಗೆ ಬೆವರ್ಲಿ ಲೀ ಪಡೆದುಕೊಂಡರು. 2011ರಲ್ಲಿ ಫ್ಲಾರೆನ್ಸ್ ಬದುಕಿನ ಮೇಲೆ ಬ್ರಾಡ್‌ವೇಯಲ್ಲಿ ಒಂದು ಸಂಗೀತ ನಾಟಕ ಬಂತು. ನಮ್ಮನ್ನು ಕೇಳದೆ ನಮ್ಮ ಹೆಸರು, ರೂಪ ಬಳಸಿದ್ದೀರಿ ಅಂತ ಬೆವರ್ಲಿ, ಡಿಯಾನ್ ವಾರ್ವಿಕ್, ಫ್ಲಾರೆನ್ಸ್ ಕಂಪನಿಗೇ ಹಾಡಿದ್ದ ಗಾಯಕ ಚಕ್ ಜಾಕ್ಸನ್ ಮೂವರೂ ಕೇಸು ಹಾಕಿದರು. ಈ ಸಲ ವಕೀಲರನ್ನು ಕರೆದುಕೊಂಡೇ ಹೋದರು ಅಂತ ಒಬ್ಬರು ಹಿಂದಿನ ಸಾಲಿನಿಂದ ಹೇಳಿದಾಗ ಎಲ್ಲರೂ ನಕ್ಕರು.

ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತ ಕೇಳಿದವರಿಗೆ ಹೇಳಿದ್ದು ಇದು. ಮೊದಲು ಭಾನುವಾರದ ಹಾಡು ಕೇಳಿ, ಆಮೇಲೆ ‘ಬೇಬಿ ಇಟ್ಸ್ ಯೂ’. ಎರಡನೆಯದರಲ್ಲಿ ಹಿಂದೆ ‘ಶಾ ಲಾ ಲಾ’ ಅನ್ನುವ ದನಿಗಳ ನಡುವೆ ಒಂದು ಗಂಡು ಗಂಟಲು ಸಿಗುತ್ತದೆ. ಬ್ಯಾಕರಾಕ್ ಮಾದರಿ ಟೇಪಿನಲ್ಲಿ ಹಾಡಿದ್ದನ್ನೇ ಅಂತಿಮ ಹಾಡಿನಲ್ಲೂ ಉಳಿಸಿಕೊಂಡಿದ್ದಾರೆ. ಒಂದೇ ಸ್ಪೀಕರಿನ ರೇಡಿಯೋಗೆ, ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್‌ಗೆ ಅಂತ ಮಾಡಿದ ಹಾಡುಗಳಿವು. ಮೋನೋ ಪ್ರತಿ ಸಿಕ್ಕರೆ ಅದನ್ನೇ ಹಾಕಿ.